ರೋಲರ್ ಯಾರ ಪಾಲಿಗೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ಹೋದಲ್ಲೆಲ್ಲ ಹೇಳಿಕೊಂಡು ಬರುತ್ತಾರೆ. ಹೇಳಲಿ ಬಿಡಿ. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ, ಅದರಲ್ಲಿ ಹದಿಮೂರು ವರ್ಷ ಎಂಟು ಹೆಂಗಸರಿಗೆ ಹೆಡ್ ಆಗಿರುವವಳಿಗೆ ಅಷ್ಟೂ ಸಿಟ್ಟಿಲ್ಲದಿದ್ದರೆ ರೋಗಿಗಳೆಲ್ಲ ಬರಿಯ ಹಾಸಿಗೆಯ ಮೇಲೆ ಮಲಗಬೇಕಾಗುತ್ತಿತ್ತು. ಹೆಡ್ ಆದದ್ದಕ್ಕೆ ನನ್ನನ್ನು ಅಲ್ಲಿ ಎಲ್ಲರೂ ಹೆಡ್ಡಮ್ಮ ಅನ್ನುತ್ತಾರೆ. ಆ ಹೆಸರಿಟ್ಟವರು ಯಾರು, ಯಾವ ಉದ್ದೇಶಕ್ಕೆ ಇಟ್ಟರು ಎಂದು ನಾನು ಹೆಚ್ಚು ವಿಚಾರಿಸಲು ಹೋಗಿಲ್ಲ.

ನಮ್ಮ ಲಾಂಡ್ರಿ ಅರ್ಧ ನೆಲದೊಳಗೆ, ಅರ್ಧ ನೆಲದ ಮೇಲೆ ಇದೆ. ಒಂದು ಬಾಗಿಲಿನಿಂದ ವಾರ್ಡುಗಳ ಕೊಳೆ ಬಟ್ಟೆಯ ಗಂಟುಗಳು ಒಳಗೆ ಬರುತ್ತವೆ, ಇನ್ನೊಂದು ಬಾಗಿಲಿನಿಂದ ಮಡಿಸಿದ ಬಟ್ಟೆ ತಳ್ಳುಗಾಡಿಯಲ್ಲಿ ಹೊರಗೆ ಹೋಗುತ್ತದೆ. ನಡುವೆ ಬಟ್ಟೆ ಬೇರ್ಪಡಿಸುವ ಕಟ್ಟೆ, ಒಗೆಯುವ ಮೂರು ಮಿಷನ್ನು, ರೋಲರ್, ಕಿಟಕಿಯ ಪಕ್ಕ ಮಡಿಸುವ ಮೇಜು. ರೋಲರ್ ಅಂದರೆ ಆಳುದ್ದದ ಕಾದ ಉಕ್ಕಿನ ಉರುಳೆ. ಒದ್ದೆ ಹಾಸುಬಟ್ಟೆಯ ಎರಡು ತುದಿ ಹಿಡಿದು ಒಳಗೆ ಕೊಟ್ಟರೆ ಆ ಕಡೆಯಿಂದ ಇಸ್ತ್ರಿಯಾಗಿ ಬರುತ್ತದೆ. ಅದರ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಬೆವರು ಕಣ್ಣಿಗಿಳಿದು ದಾರಿಯೇ ಕಾಣುವುದಿಲ್ಲ. ಮಡಿಸುವ ಮೇಜಿನಲ್ಲಾದರೆ ಗಾಳಿ, ಬೆಳಕು, ಹರಟೆ ಎಲ್ಲ ಇದೆ.

ಯಾರು ಎಲ್ಲಿ ನಿಲ್ಲಬೇಕು ಎಂಬ ಜಗಳ ಬೇಡವೆಂದು ನಾನೇ ಒಂದು ಹಲಗೆ ಹಾಕಿಸಿದ್ದೆ. ಅದರಲ್ಲಿ ಕೆಲಸಕ್ಕೊಂದು ದಾರ ಇಳಿಬಿಟ್ಟಿದೆ. ಪ್ರತಿಯೊಬ್ಬರಿಗೂ ಬಟ್ಟೆ ಒಣಹಾಕುವ ಒಂದೊಂದು ಕ್ಲಿಪ್ಪು, ಅದಕ್ಕೆ ಅವರವರ ಬಣ್ಣ. ಬೆಳಿಗ್ಗೆ ಬಂದವರು ಬಂದ ಹಾಗೆ ಬೇಕಾದ ದಾರಕ್ಕೆ ಕ್ಲಿಪ್ಪು ಸಿಕ್ಕಿಸಿಬಿಟ್ಟರೆ ಆಯಿತು, ಆ ದಿನ ಅದೇ ಕೆಲಸ. ಯಾರ ಮೇಲೂ ಯಾರ ಜೋರೂ ಇಲ್ಲ. ಬೇರೆ ಆಸ್ಪತ್ರೆಯವರು ಬಂದು ಈ ಹಲಗೆಯ ಫೋಟೋ ತೆಗೆದುಕೊಂಡು ಹೋಗಿದ್ದಾರೆ ಎಂದರೆ ನೀವೇ ಲೆಕ್ಕ ಹಾಕಿ.

ಇನ್ನು ನನ್ನ ನಾದಿನಿ. ಯಜಮಾನರ ಒಬ್ಬಳೇ ತಂಗಿ, ನಲವತ್ತೆರಡು ವರ್ಷ. ಗಂಡನ ಮನೆ ಒಗ್ಗದೆ ಒಂಬತ್ತು ವರ್ಷದ ಹಿಂದೆ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಾಗ, ಅಣ್ಣನಾದವರು ತಲೆ ಕೆರೆದುಕೊಳ್ಳುತ್ತ ನಿಂತಿದ್ದರೆ, ನಾನೇ ಹೋಗಿ ಸೂಟ್‌ಕೇಸ್ ಕಿತ್ತುಕೊಂಡು ಒಳಗೆ ಕರೆದುಕೊಂಡೆ. ಅಂದಿನಿಂದ ನಮ್ಮ ಜೊತೆಗೇ ಇದ್ದಾಳೆ. ಮಧ್ಯಾಹ್ನದ ಮೇಲೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಐದು ವರ್ಷದಿಂದ ಮನೆಯಲ್ಲೇ ಓದಿ ಡಿಗ್ರಿ ಕಟ್ಟುತ್ತಿದ್ದಾಳೆ. ಎಲ್ಲ ವಿಷಯ ಪಾಸು. ಸಮಾಜಶಾಸ್ತ್ರದ ಸಿದ್ಧಾಂತದ ಪತ್ರಿಕೆ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಬರೆಯುವುದೇನೋ ಬರೆಯುತ್ತಾಳೆ, ಪರೀಕ್ಷಕರ ಎದುರು ಕೂತು ಬಾಯಲ್ಲಿ ಹೇಳು ಎಂದರೆ ನಾಲಿಗೆ ಅಂಟಿಕೊಂಡುಬಿಡುತ್ತದೆ. ಇದು ಮೂರನೆಯ ಸಲ, ಕಡೆಯ ಸಲ. ಇದೂ ಹೋದರೆ ನೋಂದಣಿಯೇ ರದ್ದು, ಐದು ವರ್ಷದ ಓದು ನೀರುಪಾಲು. ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲ್ಲೊಂದರಲ್ಲಿ ವಾರ್ಡನ್ ಕೆಲಸ ಇವಳಿಗೇ ಎಂದು ಮಾತಾಗಿತ್ತು, ಆದರೆ ಡಿಗ್ರಿ ಬೇಕೇ ಬೇಕು.

“ಅತ್ತಿಗೆ, ಒಂದು ಸಣ್ಣ ಗುಂಪನ್ನ ಮೂರು ದೃಷ್ಟಿಯಿಂದ ನೋಡಿ ಬರೀಬೇಕು. ನಿಮ್ಮ ಲಾಂಡ್ರಿಗೆ ಬರ್ಲಾ?” ಎಂದು ಕೇಳಿದಳು.

“ಮೂರು ದೃಷ್ಟಿ ಯಾಕೆ? ದೇವರು ಕೊಟ್ಟ ಎರಡು ಕಣ್ಣು ಸಾಲಲ್ವಾ?”

ಅವಳಿಗೆ ಇಂಥ ಮಾತಿನಿಂದ ಬೇಜಾರಿಲ್ಲ. ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು ಬೆರಳು ಮಡಚಿದಳು. “ಮೊದಲನೆಯವರು ಹೇಳ್ತಾರೆ, ಸಮಾಜ ಅಂದ್ರೆ ಒಂದು ದೇಹ ಇದ್ದ ಹಾಗೆ. ಕೈ ಕೆಲಸ ಕೈ ಮಾಡತ್ತೆ, ಕಾಲಿನ ಕೆಲಸ ಕಾಲು ಮಾಡತ್ತೆ, ಎಲ್ಲ ಸೇರಿ ಬದುಕು ನಡೆಯತ್ತೆ. ಇದು ಕಾರ್ಯಾತ್ಮಕವಾದ.”

“ಸರಿಯಾಗೇ ಹೇಳಿದ್ದಾರೆ.”

“ಎರಡನೆಯವರು ಹೇಳ್ತಾರೆ, ನಡೆಯೋದೇನೋ ನಡೆಯತ್ತೆ, ಆದ್ರೆ ಯಾರ ಬೆನ್ನ ಮೇಲೆ? ಸುಖ ಯಾರಿಗೆ, ಕಷ್ಟ ಯಾರಿಗೆ, ಅದನ್ನ ಹಂಚೋ ಅಧಿಕಾರ ಯಾರ ಕೈಲಿದೆ? ಇದು ಸಂಘರ್ಷವಾದ.”

“ಇವರು ನಮ್ಮ ಯೂನಿಯನ್‌ನೋರು.”

“ಮೂರನೆಯವರು ಅಷ್ಟು ದೂರ ನಿಂತು ನೋಡಲ್ಲ ಅತ್ತಿಗೆ. ಇಬ್ಬರು ಎದುರುಬದುರು ನಿಂತಾಗ ಒಬ್ಬರ ಮಾತು, ಒಂದು ಸನ್ನೆ, ಒಂದು ವಸ್ತು ಇನ್ನೊಬ್ಬರಿಗೆ ಏನು ಅರ್ಥ ಕೊಡತ್ತೆ ಅಂತ ಹತ್ತಿರದಿಂದ ನೋಡ್ತಾರೆ. ಸಾಂಕೇತಿಕ ಅಂತಃಕ್ರಿಯಾವಾದ.”

“ಅಬ್ಬಬ್ಬಾ! ಆ ಹೆಸರು ಹೇಳೋಷ್ಟರಲ್ಲಿ ನಾಲ್ಕು ಹಾಸುಬಟ್ಟೆ ಮಡಿಸ್ಬೋದು. ಬಾ ಮಾರಾಯ್ತಿ, ಬಂದು ನೋಡ್ಕೋ. ನಮ್ಮಲ್ಲಿ ಮುಚ್ಚಿಡೋಕೆ ಏನಿದೆ?”

ಮೂರು ವಾರ ಬೆಳಿಗ್ಗೆ ನನ್ನ ಜೊತೆಗೇ ಬಂದಳು. ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತು ಒಂದೇ ಸಮ ಬರೆದುಕೊಂಡಳು. ಮೊದಲ ದಿನ ಎಲ್ಲರೂ ಮದುವೆಮನೆಯವರ ಹಾಗೆ ಸೊಂಟ ನೆಟ್ಟಗೆ ಮಾಡಿಕೊಂಡು ಕೆಲಸ ಮಾಡಿದರು. ಮೂರನೆಯ ದಿನಕ್ಕೆ ಅವಳಿರುವುದೇ ಮರೆತುಹೋಯಿತು. ಅವಳ ಎದುರಿಗೇ ಒಬ್ಬರ ಕಾಲು ಒಬ್ಬರು ಎಳೆಯತೊಡಗಿದರು. ರೋಲರ್ ಮುಂದೆ ನಿಲ್ಲುವ ಹೂಂ ಅಕ್ಕ ಮಾತ್ರ ಮೊದಲ ದಿನ ಹೇಗಿದ್ದರೋ ಕೊನೆಯ ದಿನವೂ ಹಾಗೇ ಇದ್ದರು. ಅವರು ನನಗಿಂತ ನಾಲ್ಕು ವರ್ಷ ದೊಡ್ಡವರು. ಏನು ಕೇಳಿದರೂ ‘ಹೂಂ’ ಎನ್ನುತ್ತಾರೆ, ಅದಕ್ಕೇ ಆ ಹೆಸರು. ಊಟ ಆಯ್ತಾ? ಹೂಂ. ಸೆಕೆ ಅಲ್ವಾ? ಹೂಂ. ಇಂಥವರು ಹತ್ತು ಜನ ಇದ್ದರೆ ಲಾಂಡ್ರಿಗೆ ಹೆಡ್ಡೇ ಬೇಕಾಗುವುದಿಲ್ಲ ಎಂದು ನಾನೇ ಎಷ್ಟೋ ಸಲ ಹೊಗಳಿದ್ದೇನೆ.

ಪ್ರಬಂಧ ಸಿದ್ಧವಾದ ದಿನ ಸಂಜೆ ಮೂರು ಅಧ್ಯಾಯವನ್ನೂ ನನ್ನ ಕೈಗಿಟ್ಟಳು. ಜೊತೆಗೊಂದು ಪತ್ರ ಇತ್ತು. ‘ಈ ಅಧ್ಯಯನ ನಮ್ಮ ವಿಭಾಗದಲ್ಲಿ ನಡೆದಿದೆ, ವಿವರಗಳು ನಿಜ’ ಎಂದು ವಿಭಾಗದ ಮುಖ್ಯಸ್ಥರು ಸಹಿ ಹಾಕಬೇಕು. ಅಂದರೆ ನಾನು. ಒಪ್ಪಿಸಲು ನಾಲ್ಕು ದಿನ ಉಳಿದಿತ್ತು.

ಮೊದಲ ಅಧ್ಯಾಯ ಓದಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮ ಮಡಿಸುವ ಮೇಜು ಒಂದು ಗಂಟೆ ನಿಂತರೆ ಆಪರೇಷನ್ ಕೋಣೆ ಎರಡು ಗಂಟೆ ಕಾಯಬೇಕಾಗುತ್ತದೆ ಎಂದು ಬರೆದಿದ್ದಳು. ಕೊಳೆ ಬಟ್ಟೆ ಬೇರ್ಪಡಿಸುವವರಿಂದ ಗಾಡಿ ತಳ್ಳುವವರವರೆಗೆ ಒಬ್ಬೊಬ್ಬರ ಕೆಲಸವೂ ಇನ್ನೊಬ್ಬರ ಕೆಲಸಕ್ಕೆ ಹೇಗೆ ಆಧಾರ ಎಂದು ಬಿಡಿಸಿ ಹೇಳಿದ್ದಳು. ‘ಮುಖ್ಯಸ್ಥೆಯ ಗದರಿಕೆ ಕೂಡ ವ್ಯರ್ಥವಲ್ಲ, ಅದು ಕೆಲಸದ ಲಯವನ್ನು ಕಾಯುತ್ತದೆ’ ಎಂಬ ಸಾಲನ್ನು ಯಜಮಾನರಿಗೆ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದೆ. “ಕೇಳಿಸ್ತಾ? ವ್ಯರ್ಥವಲ್ಲ ಅಂತೆ.” ಅವರು ಪೇಪರಿನ ಹಿಂದಿನಿಂದಲೇ ತಲೆಯಾಡಿಸಿದರು.

ಎರಡನೆಯ ಅಧ್ಯಾಯ ತೆಗೆದೆ. ‘ಕಿಟಕಿಯ ಪಕ್ಕದ ಮೇಜು ಹನ್ನೊಂದು ವರ್ಷದಿಂದ ಮುಖ್ಯಸ್ಥೆ ಮತ್ತು ಅವರಿಗೆ ಹತ್ತಿರದವರದು. ರೋಲರ್ ಹನ್ನೊಂದು ವರ್ಷದಿಂದ ಒಬ್ಬರೇ ಮಹಿಳೆಯದು. ಹಲಗೆ ಎಲ್ಲರಿಗೂ ಸಮಾನ ಎಂದು ಹೇಳಲಾಗುತ್ತದೆ. ಹಾಗೆ ಹೇಳುವುದರಿಂದಲೇ ಯಾರೂ ಪ್ರಶ್ನಿಸುವುದಿಲ್ಲ. ಮ್ಯಾನೇಜರ್ ಮಾಡಬೇಕಾದ ಅನ್ಯಾಯವನ್ನು ಇಲ್ಲಿ ಹಲಗೆಯೇ ಮಾಡಿ ಮುಗಿಸುತ್ತದೆ.’

ನನ್ನ ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಗೆ ಹೋಗಿ ಕಾಗದವನ್ನು ಅವಳ ಮುಂದೆ ಬಿಸಾಡಿದೆ.

“ಏನೇ ಇದು? ನಾನು ಅನ್ಯಾಯ ಮಾಡೋಳಾ? ಮೂರು ವಾರ ನನ್ನ ಬಕೆಟ್ ಮೇಲೇ ಕೂತ್ಕೊಂಡು ನನ್ನ ಬೆನ್ನಿಗೇ ಚೂರಿ ಹಾಕಿದ್ಯಲ್ಲ!”

“ಅತ್ತಿಗೆ, ಮೂರನೇದನ್ನೂ ಓದಿ. ಆಮೇಲೆ ಎಷ್ಟು ಬೇಕಾದ್ರೂ ಬೈರಿ.”

“ಓದಲ್ಲ! ಸಹಿನೂ ಹಾಕಲ್ಲ! ಈ ಎರಡನೇದನ್ನ ಕಿತ್ತು ಬಿಸಾಕು, ಆಮೇಲೆ ಮಾತು.”

“ಅದನ್ನ ತೆಗೆದ್ರೆ ಮೂರು ದೃಷ್ಟಿ ಆಗಲ್ಲ, ಫೇಲಾಗ್ತೀನಿ. ಅದರ ಬದಲು ಸುಳ್ಳು ಬರೆಯೋಕೆ ನನ್ನ ಕೈಲಾಗಲ್ಲ.” ಕಾಗದ ಎತ್ತಿಕೊಂಡು ಒಂದೊಂದೇ ಹಾಳೆ ನೇರ ಮಾಡಿ ಜೋಡಿಸಿದಳು.

ಎರಡು ದಿನ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ಯಜಮಾನರು ಹೆಂಡತಿಗೂ ತಂಗಿಗೂ ನಡುವೆ ಸಿಕ್ಕಿಕೊಂಡು ಬೆಳಗಿನ ಪೇಪರನ್ನೇ ಸಂಜೆಯೂ ಓದುತ್ತಿದ್ದರು. ಕೊನೆಗೆ ಅದರ ಅಂಚಿನಿಂದ ಕಣ್ಣು ಮಾತ್ರ ತೋರಿಸಿ, “ಹೂಂ ಅಕ್ಕನ್ನೇ ಒಂದು ಮಾತು ಕೇಳಿದ್ರೆ ಆಗೋಯ್ತಲ್ಲ” ಎಂದರು.

“ಕೇಳೋದೇನಿದೆ? ಇಷ್ಟ ಇಲ್ದಿದ್ರೆ ಅವರೇ ಹೇಳ್ತಿರ್ಲಿಲ್ವಾ?”

“ಯಾರಿಗೆ? ನಿನಗಾ?” ಎಂದು ಮತ್ತೆ ಪೇಪರಿನೊಳಗೆ ಮುಳುಗಿದರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಕೊನೆಯ ಮಾತು ಅವರದಾದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಆರೂವರೆಗೆ ನಾನು ಲಾಂಡ್ರಿಯ ಬೀಗ ತೆಗೆದೆ. ಐದು ನಿಮಿಷಕ್ಕೆ ಹೂಂ ಅಕ್ಕ ಬಂದರು. ಅವರೇ ಯಾವಾಗಲೂ ಎರಡನೆಯವರು. ಹಲಗೆ ಖಾಲಿ ಇತ್ತು, ಕಿಟಕಿಯ ದಾರವೂ ಖಾಲಿ. ಅವರು ಒಂದು ಕ್ಷಣ ಹಲಗೆ ನೋಡಿದರು, ಆಮೇಲೆ ಹಸಿರು ಕ್ಲಿಪ್ಪನ್ನು ರೋಲರಿನ ದಾರಕ್ಕೆ ಸಿಕ್ಕಿಸಿದರು. ಈ ಒಂದು ಕ್ಷಣವನ್ನು ನಾನು ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ.

“ಅಕ್ಕಾ, ನಿಮಗೆ ರೋಲರ್ ಇಷ್ಟ ತಾನೇ?”

“ಹೂಂ.”

“ಸುಮ್ನೆ ಹೂಂ ಅನ್ಬೇಡಿ. ಇಷ್ಟನೋ ಅಲ್ವೋ?”

“ಹೂಂ...”

“ಅಯ್ಯೋ, ನಿಮಗೆ ಕೈ ಮುಗೀತೀನಿ, ಬಾಯಿ ಬಿಡಿ! ನಾನೇನು ಹುಲಿನಾ?”

ಹುಲಿಯಲ್ಲ ಎಂದು ಅವರು ತಕ್ಷಣ ಹೇಳಲಿಲ್ಲ. ಅದೂ ನನ್ನ ಗಮನಕ್ಕೆ ಬಂತು. ಕೈಚೀಲವನ್ನು ಕಟ್ಟೆಯ ಮೇಲಿಟ್ಟು ನಿಧಾನವಾಗಿ ಮಾತಾಡಿದರು. “ಹನ್ನೊಂದು ವರ್ಷದ ಹಿಂದೆ ನಮ್ಮನೆಯವ್ರ ಕಾಲು ಮುರಿದಿತ್ತಲ್ಲ, ಆ ಒಂದು ತಿಂಗಳು ನಾನು ದಿನಾ ತಡವಾಗಿ ಬರ್ತಿದ್ದೆ. ಬರೋಷ್ಟರಲ್ಲಿ ರೋಲರ್ ದಾರ ಒಂದೇ ಖಾಲಿ ಇರ್ತಿತ್ತು. ಅವ್ರು ಹುಷಾರಾದ ಮೇಲೆ ಒಂದಿನ ನೀವು ಬೀಗ ತೆಗೆದ ಹಿಂದೆಯೇ ಬಂದೆ. ಕಿಟಕಿ ಹತ್ರ ಹಾಕೋಣ ಅಂತ ಕ್ಲಿಪ್ಪು ಕೈಲಿ ಹಿಡ್ಕೊಂಡು ನಿಂತಿದ್ದೆ. ನೀವು ಹತ್ರ ಬಂದು ಅದನ್ನ ತಗೊಂಡು, ‘ನಿಮ್ಮ ಜಾಗ ಯಾರೂ ಕಿತ್ಕೊಳ್ಳಲ್ಲ ಅಕ್ಕಾ, ಹೆದರ್ಬೇಡಿ’ ಅಂತ ರೋಲರಿಗೇ ಹಾಕಿದ್ರಿ.”

ನನಗೆ ಚೆನ್ನಾಗಿ ನೆನಪಿತ್ತು. ಅದನ್ನು ನಾನು ಒಳ್ಳೆಯ ಕೆಲಸವೆಂದೇ ಇಟ್ಟುಕೊಂಡಿದ್ದೆ. ಮನೆಯಲ್ಲಿ ಹೇಳಿಕೊಂಡೂ ಇದ್ದೆ: ಪಾಪ, ಜಾಗ ಹೋಗುತ್ತದೆಂದು ಹೆದರಿದ್ದರು, ಧೈರ್ಯ ತುಂಬಿದೆ ಎಂದು.

“ನಿಮಗೆ ನಾನು ಅಲ್ಲಿರೋದೇ ಇಷ್ಟ ಅನ್ಕೊಂಡೆ” ಎಂದರು ಹೂಂ ಅಕ್ಕ.

“ನಿಮಗೇ ಇಷ್ಟ ಅಂತ ನಾನು ಅನ್ಕೊಂಡೆ!”

“ಈಗ ರೋಲರ್ ಮೇಲೆ ನಂಗೇನೂ ಸಿಟ್ಟಿಲ್ಲ. ಅದರ ಸದ್ದು ಕೇಳಿದ್ರೇ ಎಷ್ಟು ಕಾದಿದೆ ಅಂತ ಗೊತ್ತಾಗತ್ತೆ. ಆದ್ರೆ ಒಂದು ಮಾತು ಕೇಳಿದ್ದಿದ್ರೆ ಚೆನ್ನಾಗಿರ್ತಿತ್ತು.”

ಯಾರಾದರೂ ಬೈದರೆ ತಿರುಗಿ ಬೈಯಬಹುದು. ಇಷ್ಟು ಮೆತ್ತಗೆ ಹೇಳಿದರೆ ಏನು ಮಾಡುವುದು? ನನಗೆ ನಾಚಿಕೆಯಾಯಿತು. ಆ ದಿನ ನಾನೇ ರೋಲರ್ ಮುಂದೆ ನಿಂತೆ, ಅವರನ್ನು ಕಿಟಕಿಗೆ ಕಳಿಸಿದೆ. ಹತ್ತು ಗಂಟೆಯ ಹೊತ್ತಿಗೆ ನನ್ನ ಮುಖ ಬೆಂದ ಬದನೆಕಾಯಿ ಆಗಿತ್ತು. ಮನೆಗೆ ಹೋಗಿ ಮೂರನೆಯ ಅಧ್ಯಾಯ ಓದಿದೆ. ಹಲಗೆಯ ಮುಂದೆ ಹನ್ನೊಂದು ವರ್ಷದ ಹಿಂದೆ ನಡೆದದ್ದನ್ನು ಇಬ್ಬರ ಕಡೆಯಿಂದಲೂ ಬರೆದಿದ್ದಳು. ನಾನು ಹೇಳಿಕೊಳ್ಳುತ್ತಿದ್ದದ್ದನ್ನು ಮನೆಯಲ್ಲಿ ಕೇಳಿದ್ದಳು, ಹೂಂ ಅಕ್ಕನಿಂದ ಚಹಾದ ಹೊತ್ತಿನಲ್ಲಿ ಕಾದು ಕಾದು ಹೇಳಿಸಿದ್ದಳು. ‘ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಒಂದು ಕ್ಲಿಪ್ಪಿಗೆ ಇಬ್ಬರೂ ಬೇರೆ ಬೇರೆ ಅರ್ಥ ಕೊಟ್ಟು, ಅದನ್ನೇ ನಂಬಿ ಬಾಳಿದ್ದಾರೆ’ ಎಂದಿತ್ತು. ಸಹಿ ಹಾಕಿ ಪತ್ರವನ್ನು ಅವಳ ಊಟದ ತಟ್ಟೆಯ ಪಕ್ಕ ಇಟ್ಟೆ. ಅವಳು ನೋಡಿದಳು, ನಾನು ನೋಡಲಿಲ್ಲ. ಕಣ್ಣೊರೆಸಿಕೊಂಡಿದ್ದು ಮಾತ್ರ ಗೊತ್ತಾಯಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಮುಗಿಯಲಿಲ್ಲ. ಸಂಬಂಧಿಕರ ಜಾಗದಲ್ಲಿ ಅಧ್ಯಯನ ಮಾಡಿದವರಿಗೆ ಮೌಖಿಕ ಪರೀಕ್ಷೆ ಆ ಜಾಗದಲ್ಲೇ ಆಗಬೇಕಂತೆ, ಕಟ್ಟುಕತೆಯೋ ನಿಜವೋ ನೋಡಲು. ಹದಿನೈದು ದಿನದ ಮೇಲೆ ಪರೀಕ್ಷಕಿಯೊಬ್ಬರು ಲಾಂಡ್ರಿಗೇ ಬಂದರು. ಗಿಡ್ಡಗಿನ, ಚುರುಕು ಕಣ್ಣಿನ ಹೆಂಗಸು. ಪಕ್ಕದಲ್ಲಿ ನಮ್ಮ ಮ್ಯಾನೇಜರ್. ಹೋದ ವರ್ಷವಷ್ಟೇ ಬಂದ ಹುಡುಗ, ಎಲ್ಲದಕ್ಕೂ ಕೊರಳಪಟ್ಟಿ ಸರಿಮಾಡಿಕೊಳ್ಳುತ್ತಾನೆ. ಮಿಷನ್ನು ನಿಲ್ಲಿಸಿದೆವು. ಎಂಟೂ ಹೆಂಗಸರು ಕಟ್ಟೆಗೊರಗಿ ನಿಂತರು. ನಾದಿನಿ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು.

ಪರೀಕ್ಷಕಿ ಅವಳನ್ನು ಬಿಟ್ಟು ಮೊದಲು ನನ್ನ ಕಡೆ ತಿರುಗಿದರು. “ಎರಡನೇ ಅಧ್ಯಾಯದಲ್ಲಿ ಇರೋದು ನಿಜಾನಾ? ಒಳ್ಳೆ ಜಾಗ ನೀವಿಟ್ಕೊಂಡು ಕಷ್ಟದ ಜಾಗ ಇನ್ನೊಬ್ಬರಿಗೆ ಕೊಟ್ಟಿದ್ರಾ?”

ಎಂಟು ಜೊತೆ ಕಣ್ಣು ನನ್ನ ಮೇಲಿತ್ತು, ಮ್ಯಾನೇಜರನದು ಬೇರೆ. ಹದಿಮೂರು ವರ್ಷ ಇವರೆಲ್ಲರ ಮುಂದೆ ತಲೆ ಎತ್ತಿಕೊಂಡು ಓಡಾಡಿದವಳು ನಾನು. ಸಹಿ ಹಾಕುವುದು ಬೇರೆ, ಬಾಯಿಬಿಟ್ಟು ಹೇಳುವುದು ಬೇರೆ. “ನಿಜ. ಹನ್ನೊಂದು ವರ್ಷ. ನಾನೇ” ಎಂದೆ.

ಆಮೇಲೆ ಅವರು ಹೂಂ ಅಕ್ಕನನ್ನು ಕೇಳಿದರು. “ಇದರಲ್ಲಿ ಬರೆದಿರೋದು ನೀವು ಹೇಳಿದ್ದೇನಾ?”

“ಹೂಂ.”

“ಬೇರೆ ಏನಾದ್ರೂ ಹೇಳೋದಿದ್ಯಾ?”

“ಹೂಂ.”

ಕಟ್ಟೆಯ ಹತ್ತಿರ ಯಾರೋ ಕಿಸಕ್ಕೆಂದರು. ಪರೀಕ್ಷಕಿಯ ಪೆನ್ನು ಗಾಳಿಯಲ್ಲೇ ನಿಂತಿತ್ತು. ನಾನು ಮನಸ್ಸಿನಲ್ಲೇ, ಅಯ್ಯೋ ಪುಣ್ಯಾತ್ಗಿತ್ತಿ, ಇವತ್ತಾದರೂ ಬಾಯಿ ಬಿಡಿ, ಈ ಹುಡುಗಿಯ ಬಾಳು ನಿಮ್ಮ ನಾಲಿಗೆಯ ಮೇಲಿದೆ ಎಂದು ಬೇಡಿಕೊಂಡೆ.

ಹೂಂ ಅಕ್ಕ ಬಾಯಿ ಬಿಟ್ಟರು. “ಒಂದು ವಿಷಯ ಇದರಲ್ಲಿ ಇಲ್ಲ. ನಾನು ಯಾರಿಗೂ ಹೇಳಿರ್ಲಿಲ್ಲ. ಆ ತಿಂಗಳು ನಾನು ದಿನಾ ಮುಕ್ಕಾಲು ಗಂಟೆ ತಡ. ಎರಡು ಸಲ ತಡ ಆದ್ರೇನೇ ಕೆಲಸದಿಂದ ತೆಗೀತಿದ್ದ ಕಾಲ ಅದು. ಹೆಡ್ಡಮ್ಮ ಹಾಜರಿ ಪುಸ್ತಕದಲ್ಲಿ ನಾನು ಸರಿಯಾದ ಟೈಮಿಗೇ ಬಂದೆ ಅಂತ ಬರೀತಿದ್ರು. ನಾನು ಬರೋವರ್ಗೂ ಅವರೇ ರೋಲರ್ ಮುಂದೆ ನಿಂತಿರ್ತಿದ್ರು. ಅವ್ರಿಂದ ನನ್ನ ಕೆಲಸ ಉಳೀತು.”

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿಮಗೂ ಹೇಳಿರಲಿಲ್ಲ. ಹಾಜರಿ ಪುಸ್ತಕದ ವಿಷಯ ಊರಿಗೆಲ್ಲ ಸಾರುವಂಥದ್ದೇ? ಮ್ಯಾನೇಜರ್ ಕೊರಳಪಟ್ಟಿ ಮುಟ್ಟಿಕೊಂಡು ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಒಳ್ಳೆಯ ಹುಡುಗ.

ಪರೀಕ್ಷಕಿ ನಾದಿನಿಯ ಕಡೆ ತಿರುಗಿದರು. “ಇದು ನಿಮ್ಮ ಪ್ರಬಂಧದಲ್ಲಿ ಎಲ್ಲಿದೆ?”

“ಇಲ್ಲ ಮೇಡಂ. ನನಗೆ... ನನಗೆ ಗೊತ್ತಿರ್ಲಿಲ್ಲ.”

“ಈಗ ಗೊತ್ತಾಯ್ತಲ್ಲ. ಯಾವ ಅಧ್ಯಾಯಕ್ಕೆ ಹಾಕ್ತೀರಿ?”

ಮುಚ್ಚಳ ಕೈಯಿಂದ ಜಾರಿ ಬಿತ್ತು. ಹಿಂದಿನ ಎರಡು ಸಲವೂ ಹೀಗೇ ಆಗಿತ್ತಂತೆ. ಪುಸ್ತಕದಲ್ಲಿಲ್ಲದ ಪ್ರಶ್ನೆ, ಮಂಜು ಕವಿದ ತಲೆ. ಅವಳು ಬಗ್ಗಿ ಮುಚ್ಚಳ ಎತ್ತಿಕೊಳ್ಳಲಿಲ್ಲ. ಹೂಂ ಅಕ್ಕನನ್ನು ನೋಡಿದಳು, ನನ್ನನ್ನು ನೋಡಿದಳು.

“ಮೂರಕ್ಕೂ ಹಾಕ್ತೀನಿ ಮೇಡಂ.”

“ಹೇಗೆ?”

“ಒಬ್ಬರು ತಡ ಆದಾಗ ಇನ್ನೊಬ್ಬರು ನಿಂತು ಕೆಲಸ ನಿಲ್ಲದ ಹಾಗೆ ನೋಡ್ಕೊಂಡ್ರು. ಒಂದು ಕೈಗೆ ನೋವಾದ್ರೆ ಇನ್ನೊಂದು ಕೈ ಭಾರ ಹೊತ್ತ ಹಾಗೆ. ಇದು ಮೊದಲನೇದಕ್ಕೆ.” ಒಂದು ಉಸಿರು ತೆಗೆದುಕೊಂಡಳು. “ಎರಡನೇದು... ತಡ ಆಗಿದ್ದನ್ನ ಮುಚ್ಚೋ ಅಧಿಕಾರ ಯಾರ ಕೈಲಿತ್ತೋ, ಜಾಗ ಕೊಡೋ ಅಧಿಕಾರಾನೂ ಅವರ ಕೈಲೇ ಇತ್ತು. ಒಂದು ತಿಂಗಳು ಕಾಪಾಡಿದವರು ಬಂದು ‘ಇದೇ ನಿಮ್ಮ ಜಾಗ’ ಅಂದ್ರೆ ‘ಬೇಡ’ ಅನ್ನೋಕೆ ಯಾರಿಗೆ ಬಾಯಿ ಬರತ್ತೆ ಮೇಡಂ?”

“ಮೂರನೇದು?”

“ಅವರು ಒಪ್ಪಿಕೊಂಡಿದ್ದು ಉಪಕಾರಕ್ಕೆ. ಅತ್ತಿಗೆ ಅದನ್ನ ಇಷ್ಟ ಅಂತ ತಿಳ್ಕೊಂಡ್ರು. ನಾನು ಬರೆಯೋವಾಗ ಇಬ್ಬರೂ ಸುಮ್ನೆ ತಪ್ಪು ತಿಳ್ಕೊಂಡ್ರು ಅಂದ್ಕೊಂಡಿದ್ದೆ. ಈಗ ಯಾಕೆ ಅಂತ ಗೊತ್ತಾಯ್ತು. ಅತ್ತಿಗೆ ಮಾಡಿದ ಒಳ್ಳೇದೇ ಅವರ ಬಾಯಿ ಕಟ್ಟಿತು.”

ಮಿಷನ್ನು ನಿಂತಿದ್ದರಿಂದ ಆ ಮಾತು ಎಲ್ಲರಿಗೂ ಕೇಳಿಸಿತು. ಹೂಂ ಅಕ್ಕ ತಲೆ ತಗ್ಗಿಸಿಕೊಂಡು ಅಳುತ್ತಿದ್ದರು. ನಾನೂ ಅಳುತ್ತಿದ್ದೆ, ಅದಕ್ಕೆ ರೋಲರಿನ ಬಿಸಿಯನ್ನು ದೂರುವಂತೆಯೂ ಇರಲಿಲ್ಲ. ಪರೀಕ್ಷಕಿ ಬಹಳ ಹೊತ್ತು ಬರೆದುಕೊಂಡರು. ಹೊರಡುವಾಗ ನಾದಿನಿಯ ಹೆಗಲು ತಟ್ಟಿ, “ಆ ಮೂರೂ ಮಾತನ್ನ ಪ್ರಬಂಧಕ್ಕೆ ಸೇರಿಸಿಬಿಡಿ” ಎಂದರು.

ಹಲಗೆಯನ್ನು ನಾನು ಕಿತ್ತು ಹಾಕಲಿಲ್ಲ, ಆದರೆ ಕ್ಲಿಪ್ಪುಗಳು ಈಗ ದಿನಕ್ಕೊಂದು ದಾರ ದಾಟುತ್ತವೆ. ನನ್ನ ಸರದಿ ಬಂದ ದಿನ ನಾನು ಬಟ್ಟೆಯನ್ನು ಓರೆಯಾಗಿ ಒಳಗೆ ಕೊಡುತ್ತೇನೆಂದು ಹೂಂ ಅಕ್ಕ ಕಿಟಕಿಯ ಬಳಿಯಿಂದಲೇ ಗದರುತ್ತಾರೆ. ಗಾಳಿ ಬಿದ್ದಿದ್ದೇ ತಡ, ಅವರ ಬಾಯಿಗೆ ಬಿಡುವೇ ಇಲ್ಲ. ಹೊಸ ಹೆಸರು ಹುಡುಕಬೇಕು ಎಂದು ಹುಡುಗಿಯರು ತಲೆಕೆಡಿಸಿಕೊಂಡಿದ್ದಾರೆ.

ಮೂರು ವಾರದ ಮೇಲೆ ಫಲಿತಾಂಶ ಬಂತು. ನೂರಕ್ಕೆ ಅರವತ್ತೆಂಟು. ಯಜಮಾನರು ಪೇಪರನ್ನು ಬಿಸಾಡಿ ತಂಗಿಯನ್ನು ಅಪ್ಪಿಕೊಂಡರು. ಹಾಸ್ಟೆಲ್ಲಿನವರು ಮುಂದಿನ ತಿಂಗಳಿಂದಲೇ ಬನ್ನಿ ಎಂದರು. ದಿನಾ ಬೆಳಿಗ್ಗೆ ಹತ್ತಕ್ಕೆ ಹೋದರೆ ಸಾಕು, ನಮ್ಮ ಮನೆಯಿಂದಲೇ ಓಡಾಡಬಹುದು. ನನಗಾದ ಸಂತೋಷ ಹೇಳತೀರದು. ಸುಮ್ಮನಿರುವುದು ನನ್ನ ಜಾಯಮಾನವೇ ಅಲ್ಲವಲ್ಲ, ಊಟಕ್ಕೆ ಕೂತಾಗ, “ನೋಡು, ನಾನು ಒಳಗೆ ಬಿಟ್ಕೊಂಡಿದ್ದಕ್ಕೆ ತಾನೇ ನೀನು ಪಾಸಾಗಿದ್ದು?” ಎಂದೆ.

“ಹೌದು ಅತ್ತಿಗೆ, ಎಲ್ಲ ನಿಮ್ಮಿಂದಲೇ” ಎಂದಳು ತಕ್ಷಣ.

ತುತ್ತು ನನ್ನ ಕೈಯಲ್ಲೇ ನಿಂತಿತು. ಈ ದನಿ ನಾನು ಎಲ್ಲೋ ಕೇಳಿದ್ದೆ. ಒಂಬತ್ತು ವರ್ಷದಲ್ಲಿ, ಆ ಅಧ್ಯಾಯದ ಜಗಳ ಬಿಟ್ಟರೆ, ಈ ಹುಡುಗಿ ನನ್ನ ಮಾತಿಗೆ ಒಮ್ಮೆಯಾದರೂ ಇಲ್ಲ ಎಂದಿದ್ದಳೇ? ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಮೂವರಿಗೂ ಅಡುಗೆ ಮಾಡಿ ನನ್ನ ಡಬ್ಬಿ ತುಂಬಿಡುವವಳು ಅವಳು. ಅದು ಅವಳ ಕೆಲಸವೆಂದು ಯಾರು ಹೇಳಿದ್ದರು? ಯಾವಾಗ ಹೇಳಿದ್ದರು? ನಾನು ಎಷ್ಟು ಯೋಚಿಸಿದರೂ ಹೇಳಿದ ನೆನಪಿಲ್ಲ. ಅವಳು ಬೆಳಗಿನ ಜಾವ ಓದುವವಳು, ಹೇಗೂ ಎದ್ದಿರುತ್ತಾಳೆ ಎಂದುಕೊಂಡಿದ್ದೆ ಅಷ್ಟೇ.

“ಒಂದು ಮಾತು ಕೇಳ್ತೀನಿ, ನಿಜ ಹೇಳು. ಬೆಳಿಗ್ಗೆ ಐದಕ್ಕೆ ಏಳೋದು ನಿನಗೆ ಇಷ್ಟನಾ?”

ಅವಳು ಅಣ್ಣನ ಮುಖ ನೋಡಿದಳು. ಅವರು ತಟ್ಟೆ ನೋಡಿಕೊಂಡರು. ಅವಳು ನಗಲು ಹೋಗಿ, ಕಣ್ಣು ತುಂಬಿಕೊಂಡು, ಮತ್ತೆ ನಕ್ಕಳು.

“ಒಂಚೂರೂ ಇಷ್ಟ ಇಲ್ಲ ಅತ್ತಿಗೆ. ಪ್ರಾಣ ಹೋದ ಹಾಗೆ ಆಗತ್ತೆ.”

“ಮತ್ತೆ ಒಂದಿನನಾದ್ರೂ ಹೇಳ್ಬಾರ್ದಾಗಿತ್ತೇನೇ?”

“ಹೇಗೆ ಹೇಳ್ಲಿ ಅತ್ತಿಗೆ?” ಎಂದಳು, ಅಷ್ಟೇ. ಅದಕ್ಕಿಂತ ಬಿಡಿಸಿ ಹೇಳುವ ಅಗತ್ಯ ನನಗಿರಲಿಲ್ಲ.

ಮರುದಿನ ಐದಕ್ಕೆ ನಾನೇ ಎದ್ದು, ಗೊಣಗುತ್ತಿದ್ದ ಯಜಮಾನರನ್ನೂ ಎಬ್ಬಿಸಿದೆ. ಅವರು ತರಕಾರಿ ಹೆಚ್ಚಿದರು, ಬೆರಳೂ ಹೆಚ್ಚಿಕೊಂಡರು. ಪಲ್ಯ ತಳ ಹಿಡಿಯಿತು. ಒಬ್ಬರ ಮೇಲೊಬ್ಬರು ಪಿಸುದನಿಯಲ್ಲೇ ರೇಗಾಡಿಕೊಂಡು ಹೇಗೋ ಮೂರು ಡಬ್ಬಿ ತುಂಬಿಸಿದೆವು. ಆರು ಗಂಟೆಗೆ ನಾನು ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೊರಟಾಗಲೂ ಅವಳು ಎದ್ದಿರಲಿಲ್ಲ.